ನಾಲ್ಕನೇ ಮಹಡಿಯ ಸದ್ದು

ಪಿಟೀಲು ಅವಳ ನಿಜವಾದ ಹೆಸರಲ್ಲ. ಹುಟ್ಟಿದ ಮೊದಲ ಮೂರು ತಿಂಗಳು ಸಣ್ಣ ದನಿಯಲ್ಲಿ ಒಂದೇ ಸಮನೆ ಕುಂಯ್‌ಗುಟ್ಟಿ ಮನೆಯವರ ನಿದ್ದೆ ಹಾಳು ಮಾಡಿದ್ದಕ್ಕೆ ಸೋದರಮಾವ ಇಟ್ಟ ಅಡ್ಡಹೆಸರು ಅದು. ಇಪ್ಪತ್ತಮೂರು ವರ್ಷವಾದರೂ ಮಾವ ಅದನ್ನು ಬಿಟ್ಟಿಲ್ಲ, ಆ ಹೆಸರು ಮನೆಯ ನಾಲ್ಕು ಗೋಡೆ ದಾಟಿ ಹೊರಗೆ ಹೋದದ್ದೂ ಇಲ್ಲ. ಮನೆಯಲ್ಲಿ ಇರುವವರೇ ಮೂವರು: ಅವಳು, ಅಮ್ಮ, ಅಮ್ಮನ ತಮ್ಮನಾದ ಮಾವ. ಈ ಹೆಸರಿನ ವಿಚಾರ ಮೊದಲೇ ಯಾಕೆ ಎತ್ತಿದೆ ಅಂದರೆ, ಮುಂದೆ ಒಂದು ಲಿಫ್ಟಿನ ಬಾಗಿಲಲ್ಲಿ ನಿಂತು ತಾನು ಯಾರೆಂದು ಅವಳು ಹೇಳಿಕೊಳ್ಳಬೇಕಾಗಿ ಬಂತು. ಆಗ ಈ ಹೆಸರು ಮೂರು ಕಾಸಿನ ಕೆಲಸಕ್ಕೂ ಬರಲಿಲ್ಲ.

ಮಾವ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟು ನೋಡಿಕೊಳ್ಳುವ ಕಂಪನಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದಾನೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಲಿಫ್ಟಿನ ಹೊಟ್ಟೆಯಲ್ಲಿ ಏನು ನಡೆದಿದೆ ಎಂದು ಹೇಳಿಬಿಡುತ್ತಾನೆ. ಮೊದಲೆಲ್ಲ ಕಟ್ಟಡದವರು ಫೋನ್ ಮಾಡಿದರೆ ಆಫೀಸಿನ ಗುಮಾಸ್ತ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದ. ಬೆಳಗ್ಗೆ ಮೆಕ್ಯಾನಿಕ್‌ಗಳು ಅದನ್ನು ಓದಿ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು. ಆಮೇಲೆ ಎಲ್ಲವೂ ಮೊಬೈಲಿಗೆ ಬಂತು. ಕಂಪನಿಯದೊಂದು ಪೇಜು, ಯಾರ ಲಿಫ್ಟು ಕೈಕೊಟ್ಟರೂ ಅಲ್ಲಿ ಬರೆಯಬಹುದು. ಬರೆದದ್ದು ಊರಿಗೆಲ್ಲ ಕಾಣುತ್ತದೆ, ಅದೇ ಕಂಪನಿಗೆ ಹೊಟ್ಟೆನೋವು. ಹಾಗಾಗಿ ಉತ್ತರ ಬರೆಯಲೆಂದೇ ಹನ್ನೆರಡು ಹುಡುಗ ಹುಡುಗಿಯರನ್ನು ತೆಗೆದುಕೊಂಡರು. ಪಿಟೀಲು ಅವರಲ್ಲಿ ಒಬ್ಬಳು. ಯಾರ ಯಾರದೋ ಕೈಕಾಲು ಹಿಡಿದು ಆ ಕೆಲಸ ಕೊಡಿಸಿದವನೂ ಮಾವನೇ. ಕೈಗೆ ಗ್ರೀಸ್ ಮೆತ್ತದ, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಎಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಆಫೀಸೆಂದರೆ ಹಾಸಿಗೆ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗಿನಿಂದ ಹೊಸ ಫೋಮಿನ ವಾಸನೆ ಬಂದು ಮಧ್ಯಾಹ್ನದ ಹೊತ್ತಿಗೆ ತಲೆ ಹಿಡಿದುಬಿಡುತ್ತದೆ. ಗೋಡೆಗೊಂದು ದೊಡ್ಡ ಸ್ಕ್ರೀನು. ದೂರು ಬಂದಾಗ ಅದರ ಪಕ್ಕದಲ್ಲಿ ಕೆಂಪು ಸಿಡುಕುಮುಖ ಇರುತ್ತದೆ. ನಾಲ್ಕು ನಿಮಿಷದೊಳಗೆ ಉತ್ತರ ಹೋಗಬೇಕು. ಉತ್ತರ ಓದಿದವರಿಗೆ ಸಮಾಧಾನವಾಗಿ ಹಸಿರು ನಗುಮುಖ ಒತ್ತಿದರೆ ದೂರು ಪೇಜಿನಿಂದ ಮಾಯ. ಯಾರು ಎಷ್ಟು ಕೆಂಪನ್ನು ಹಸಿರು ಮಾಡಿದರು ಅನ್ನುವುದು ಗೋಡೆಯ ಮೇಲೆ ಕ್ಷಣಕ್ಷಣಕ್ಕೂ ಬರುತ್ತಿರುತ್ತದೆ. ಇವರನ್ನೆಲ್ಲ ಮೇಯಿಸಲು ಒಬ್ಬ ಸೂಪರ್‌ವೈಸರ್, ವಯಸ್ಸಿನಲ್ಲಿ ಇವರಿಗಿಂತ ಎರಡೇ ವರ್ಷ ದೊಡ್ಡವನು. ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಾರೆ. ಕೆಟ್ಟವನೇನಲ್ಲ, ಟೀ ತಂದರೆ ಹನ್ನೆರಡು ಜನಕ್ಕೂ ತರುತ್ತಾನೆ.

ಪಿಟೀಲು ಮೊದಲ ತಿಂಗಳಲ್ಲೇ ಎಲ್ಲರನ್ನೂ ಹಿಂದೆ ಹಾಕಿದಳು. ಉಳಿದವರು "ತೊಂದರೆಗಾಗಿ ವಿಷಾದಿಸುತ್ತೇವೆ" ಎಂದು ಮೇಲಿಂದ ಮೇಲೆ ಅಂಟಿಸುತ್ತಿದ್ದರು, ಜನ ಇನ್ನಷ್ಟು ಉರಿದು ಬೀಳುತ್ತಿದ್ದರು. ಇವಳು ಆ ಸಿದ್ಧಸಾಲಿನ ಗೊಡವೆಗೇ ಹೋಗಲಿಲ್ಲ. ತನ್ನದೇ ಮಾತಲ್ಲಿ ಕ್ಷಮೆ ಕೇಳಿ, "ಒಳಗೆ ಸಿಕ್ಕಿಕೊಂಡಾಗ ಒಬ್ಬರೇ ಇದ್ರಾ? ಊಟ ಆಗಿತ್ತಾ?" ಎಂದು ಕೇಳುತ್ತಿದ್ದಳು. "ನಮ್ಮಮ್ಮನಿಗೂ ಮಂಡಿ ನೋವು, ಮೆಟ್ಟಿಲು ಹತ್ತೋ ಕಷ್ಟ ನನಗೆ ಗೊತ್ತು" ಎಂದು ಬರೆಯುತ್ತಿದ್ದಳು. ಅಮ್ಮನಿಗೆ ಮಂಡಿ ನೋವಿರುವುದು ನಿಜವೇ. ಮೊದಮೊದಲು ಆ ಮಾತು ಒಳಗಿನಿಂದಲೇ ಬರುತ್ತಿತ್ತು, ಆಮೇಲಾಮೇಲೆ ಬೆರಳೇ ಅದನ್ನು ಬರೆಯತೊಡಗಿತು. ಎರಡು ವರ್ಷದಲ್ಲಿ ಅಮ್ಮನ ಮಂಡಿ ಇಡೀ ಊರಿಗೆ ಪರಿಚಯವಾಯಿತು. ಸಿಟ್ಟು ಕಂಡರೆ ಮೊದಲು ಕ್ಷಮೆ ಕೇಳು, ಒಂದು ಹೆಜ್ಜೆ ಹಿಂದೆ ಸರಿ, ಆಮೇಲೆ ಮಾತಾಡಿಸು. ಅವಳು ಕಂಡುಕೊಂಡ ದಾರಿ ಇಷ್ಟೇ. ಕಂಪನಿ ಅವಳಿಗೆ ಪೇಜಿನಲ್ಲಿ ಸಹಿ ಹಾಕಲು "ಮನೆಮಗಳು" ಎಂಬ ಹೆಸರು ಕೊಟ್ಟಿತ್ತು. ಜನ ಅದನ್ನು ನಂಬಿದರು, ಅವಳೂ ನಂಬಿದಳು.

ಹಾಗಾದರೆ ಲಿಫ್ಟು ಸರಿ ಮಾಡುವವರು ಯಾರು ಅಂತ ನೀವು ಕೇಳಬಹುದು. ಅವಳಿಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ. ದೂರು ಹೇಗೂ ಮಾವನ ಕಡೆಗೂ ಹೋಗುತ್ತದೆ, ಅವನು ಬಂದು ನೋಡುವವರೆಗೆ ಜನರ ಕೈ ಹಿಡಿದು ಕೂರುವುದಷ್ಟೇ ತನ್ನ ಕೆಲಸ ಎಂದುಕೊಂಡಿದ್ದಳು. ಹಾಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಲಿಲ್ಲ.

ದೂರು ಕೊಡುವವರಲ್ಲಿ ಟೀಚರ್ ಒಬ್ಬರು ಬೇರೆಯೇ ಥರ. ಹಳೇ ಪ್ರೆಸ್ಸಿನ ಹಿಂದಿನ ನೀಲಿ ಕಟ್ಟಡದಲ್ಲಿ, ಆರನೇ ಮಹಡಿಯಲ್ಲಿ ಒಬ್ಬರೇ ಇರುವವರು. ಮೂವತ್ತು ವರ್ಷ ಟೈಪಿಂಗ್ ಕಲಿಸಿದ್ದವರಾದ್ದರಿಂದ ಅವರ ದೂರಿನಲ್ಲಿ ಒಂದು ಚುಕ್ಕೆಯೂ ಆಚೀಚೆ ಇರುತ್ತಿರಲಿಲ್ಲ. ಮೊದಲ ಸಲ ಬರೆದದ್ದು ಹೀಗೆ: "ಲಿಫ್ಟು ಇಳಿಯುವಾಗ ನಾಲ್ಕನೇ ಮಹಡಿಯ ಹತ್ತಿರ ಕಬ್ಬಿಣದ ಮಂಚ ಎಳೆದಂಥ ಸದ್ದು ಬರುತ್ತದೆ. ಒಂದು ಸಲ. ದಯವಿಟ್ಟು ನೋಡಿ." ಪಿಟೀಲು ಉತ್ತರ ಬರೆದಳು, ಮಂಡಿಯ ವಿಚಾರ ತೆಗೆದಳು. ಟೀಚರಿಗೂ ಮಂಡಿ ನೋವು. ಅಲ್ಲಿಗೆ ಗಂಟು ಬಿತ್ತು ನೋಡಿ. ಟೀಚರ್ ಪ್ರತಿ ವಾರ ಬರೆದರು, ಪ್ರತಿ ವಾರ ಇವಳ ಉತ್ತರ ಓದಿ ನಗುಮುಖ ಒತ್ತಿದರು. ಮಾತಿನ ನಡುವೆ ಜ್ವರ ಬಂದದ್ದು, ಹಳೇ ಶಿಷ್ಯೆಯೊಬ್ಬಳು ಸಿಕ್ಕಿದ್ದು, ಸೋಮವಾರ ಹತ್ತು ಗಂಟೆಗೆ ಮಂಡಿಯ ವ್ಯಾಯಾಮಕ್ಕೆ ಹೋಗುವುದು ಎಲ್ಲ ಬರುತ್ತಿತ್ತು. ಜ್ವರದ ವಾರ ಪಿಟೀಲು "ನಿಮಗೇನಾದ್ರೂ ಆದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ ಟೀಚರ್" ಎಂದು ಬರೆದಿದ್ದಳು. ಅದು ಅಭ್ಯಾಸಬಲದ ಮಾತಾಗಿರಲಿಲ್ಲ. ಬರೆದ ಮೇಲೆ ಟೀಚರ ಮಾತು ಮೂಡುವವರೆಗೆ ಬೇರೆ ದೂರು ಮುಟ್ಟಿರಲಿಲ್ಲ.

ಒಂದು ಶುಕ್ರವಾರ ಕ್ಯಾಪ್ಟನ್ ಎಲ್ಲರೆದುರು ಅವಳ ಬೆನ್ನು ತಟ್ಟಿದ. "ಇವಳು ಎರಡು ವರ್ಷದಿಂದ ಬರೆದ ಒಂದೊಂದು ಉತ್ತರವನ್ನೂ ಹೊಸ ಸಿಸ್ಟಮ್‌ಗೆ ಕಲಿಸಿದ್ದಾರೆ," ಅಂದ. "ಸೋಮವಾರದಿಂದ ಅದೇ ಬರೆಯುತ್ತೆ, ಥೇಟ್ ಇವಳ ಹಾಗೇ. ಎಲ್ರೂ ಚಪ್ಪಾಳೆ ತಟ್ರಪ್ಪ." ಎಲ್ಲರೂ ತಟ್ಟಿದರು. ಪಿಟೀಲು ನಾಚಿಕೊಂಡಳು. ಮನೆಗೆ ಬಂದು ಹೇಳಿದಾಗ ಮಾವ, "ನೋಡಿದ್ಯಾ ಅಕ್ಕ, ನಿನ್ನ ಮಗಳು ಮಷೀನಿಗೇ ಪಾಠ ಹೇಳಿದ್ದಾಳೆ," ಎಂದು ಹಿಗ್ಗಿದ.

ಸೋಮವಾರ ಬೆಳಗ್ಗೆ ಎಂಟೂವರೆ. ಮೂವರೂ ತಿಂಡಿಗೆ ಕೂತಿದ್ದರು. ಮಾವನಿಗೆ ಹೊರಡುವ ಆತುರವೇ ಕಾಣಲಿಲ್ಲ.

"ಏನೋ, ಇವತ್ತು ರಜಾನಾ?" ಅಂದಳು ಅಮ್ಮ.

"ರಜಾ ಎಲ್ಲಿಂದ ಬಂತು. ಪಟ್ಟಿಯಲ್ಲಿ ಒಂದೇ ಕಟ್ಟಡ ಇದೆ, ಅದಕ್ಕೆ ನಿಧಾನ. ಮುಂಚೆ ನನ್ನೊಬ್ಬನ ಕೈಯಲ್ಲೇ ತೊಂಬತ್ತು ಕಟ್ಟಡ ಇತ್ತು, ತಿಂಗಳಿಗೊಂದು ಸಲ ಎಲ್ಲದಕ್ಕೂ ಎಣ್ಣೆ ಬಿಟ್ಟು ಬರ್ತಿದ್ದೆ. ಈಗ ದೂರಿಲ್ಲದ ಕಡೆ ಕಾಲಿಡಬೇಡ ಅಂತಾರೆ. ಹನ್ನೊಂದು ಜನ ಮೆಕ್ಯಾನಿಕ್‌ಗಳಿದ್ವಿ, ನಾಲ್ಕು ಜನ ಉಳಿದಿದ್ದೀವಿ. ಆದರೂ ಒಂದು ಮಾತು ಹೇಳ್ತೀನಿ ಅಕ್ಕ, ಜನ ದೂರು ಕೊಡೋದೇ ನಿಲ್ಸಿಬಿಟ್ಟಿದ್ದಾರೆ. ಸಾಮಾನು ಸುಧಾರಿಸಿರಬೇಕು."

ಪಿಟೀಲಿನ ಕೈ ತಟ್ಟೆಯಲ್ಲೇ ನಿಂತಿತು. ಅವಳ ಕೋಣೆಗೆ ದಿನಕ್ಕೆ ಮುನ್ನೂರು ದೂರು ಬರುತ್ತಿದ್ದವು.

"ಮಾವ, ಹಳೇ ಪ್ರೆಸ್ ಹಿಂದಿನ ನೀಲಿ ಕಟ್ಟಡಕ್ಕೆ ಈಚೆಗೆ ಹೋಗಿದ್ಯಾ?"

"ಅದಕ್ಕಾ? ಹೋಗಿ ಹನ್ನೊಂದು ತಿಂಗಳಾಯ್ತು. ಒಂದು ದೂರಿಲ್ಲ. ಪಾಪದ್ದು, ತನ್ನ ಪಾಡಿಗೆ ತಾನಿದೆ."

"ಅಲ್ಲಿ ನಾಲ್ಕನೇ ಮಹಡಿ ಹತ್ರ ಕಬ್ಬಿಣದ ಮಂಚ ಎಳೆದ ಹಾಗೆ ಸದ್ದು ಬಂದ್ರೆ ಏನದು?"

ಮಾವ ನಗಲು ಹೊರಟವನು ಅವಳ ಮುಖ ನೋಡಿ ತಿರುಗಿ ಕೇಳಿದ. "ಹತ್ತುವಾಗಲೋ, ಇಳಿಯುವಾಗಲೋ?"

"ಇಳಿಯುವಾಗ."

"ಒಂದು ಸಲವೋ?"

"ಮೊದಲು ಒಂದು ಸಲ. ಒಂದು ತಿಂಗಳಿಂದ ಎರಡು ಸಲ. ಹೋದ ವಾರದಿಂದ ಸದ್ದಾದ ಮೇಲೆ ಒಂದು ಜಗ್ಗು."

ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಎಡಗೈಯ ಎರಡು ಬೆರಳಿನಿಂದ ಚಮಚದ ಹಿಡಿಯನ್ನು ಅಮುಕಿ ಹಿಡಿದು ತೋರಿಸಿದ. "ಗೋಡೆಗುಂಟ ಕಂಬಿ ಇರುತ್ತೆ. ಹಗ್ಗ ಏನಾದ್ರೂ ಹರಿದ್ರೆ ಆ ಕಂಬಿಯನ್ನ ಹೀಗೆ ಕಚ್ಚಿ ಹಿಡಿಯೋಕೆ ಲಿಫ್ಟಿನ ಅಡಿಗೆ ಎರಡು ದವಡೆ ಇರ್ತವೆ. ನೀನು ಹೇಳೋ ಸದ್ದು ಅದರದು. ದವಡೆ ಜಾರಿ ವಾರೆಯಾಗಿದೆ. ಜಗ್ಗು ಅಂದ್ಯಲ್ಲ, ಅದು ಹಗ್ಗದ್ದು." ಬೆರಳು ಸಡಿಲ ಬಿಟ್ಟ. ಚಮಚ ತಟ್ಟೆಗೆ ಬಿತ್ತು. "ಎರಡೂ ಒಟ್ಟಿಗೆ ಕೈಕೊಡೋದು ನಾನು ನೋಡಿಲ್ಲ. ನೋಡೋದೂ ಬೇಡ. ಅಲ್ಲಾ, ಇಷ್ಟು ಕರಾರುವಾಕ್ಕಾಗಿ ಕೇಳಿಸಿಕೊಂಡವರು ದೂರು ಯಾಕೆ ಕೊಡಲಿಲ್ಲ?"

"ಕೊಟ್ಟಿದ್ದಾರೆ ಮಾವ. ನಲವತ್ತೊಂದು ಸಲ. ನನಗೆ."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಅಮ್ಮ ಎದ್ದು ಹೋಗಲಿಲ್ಲ. ಪಿಟೀಲಿಗೆ ಅರ್ಥವಾದದ್ದು ಈಗ. ನಗುಮುಖ ಒತ್ತಿದ ದೂರು ಪೇಜಿನಿಂದ ಮಾತ್ರ ಅಲ್ಲ, ಮಾವನ ಪಟ್ಟಿಯಿಂದಲೂ ಮಾಯವಾಗುತ್ತಿತ್ತು. ಎರಡು ದಿನ ಕೆಂಪಾಗಿಯೇ ಉಳಿದ ದೂರು ಮಾತ್ರ ಮೆಕ್ಯಾನಿಕ್‌ಗೆ ಬರುವುದು ಎಂದು ಮಾವ ಹೇಳಿದ. ಅವಳು ಒಂದನ್ನೂ ಎರಡು ದಿನ ಉಳಿಯಗೊಟ್ಟವಳಲ್ಲ, ಅದಕ್ಕೇ ತಾನೇ ಚಪ್ಪಾಳೆ ಬಿದ್ದದ್ದು. ಮಾವ ತನ್ನ ಪಟ್ಟಿ ನೋಡಿ ಲಿಫ್ಟುಗಳು ಸುಧಾರಿಸಿದವು ಅಂದುಕೊಂಡ, ಇವಳು ತನ್ನ ಗೋಡೆ ನೋಡಿ ಮಾವ ಎಲ್ಲ ಕಡೆ ಹೋಗಿಬರುತ್ತಿದ್ದಾನೆ ಅಂದುಕೊಂಡಳು. ಒಂದೇ ಮನೆಯಲ್ಲಿ ಎದುರುಬದುರು ಕೂತು ಉಂಡವರು. ಒಂದು ದಿನ ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು.

"ಇವತ್ತು ಸೋಮವಾರ," ಅಂದಳು. "ಹತ್ತು ಗಂಟೆಗೆ ಟೀಚರ್ ಕೆಳಗಿಳಿತಾರೆ."

ಮಾವ ಆಗಲೇ ಶರ್ಟು ಹಾಕುತ್ತಿದ್ದ. "ಮೇಲಿನ ಮಷೀನ್ ರೂಮಿಗೆ ಈಗ ಬೀಗದ ಕೈ ಇಲ್ಲ ಕಣೇ. ಫೋನಿನಿಂದ ತೆರೆಯೋ ಬೀಗ ಹಾಕಿದ್ದಾರೆ, ದೂರು ಇದ್ರೆ ಮಾತ್ರ ತೆರೆಯುತ್ತೆ. ನೀನು ಆಫೀಸಿಗೆ ಹೋಗಿ ಆ ದೂರನ್ನ ಮತ್ತೆ ಕೆಂಪು ಮಾಡ್ಸು, ಎರಡು ದಿನದ ಕಥೆ ಬೇಡ, ಈಗಲೇ ನನ್ನ ಪಟ್ಟಿಗೆ ಕಳಿಸೋಕೆ ಹೇಳು. ನಾನು ಡಿಪೋಗೆ ಹೋಗಿ ಸಾಮಾನು ತಗೊಂಡು ಹತ್ತರೊಳಗೆ ಅಲ್ಲಿರ್ತೀನಿ. ಟೀಚರಿಗೆ ಫೋನ್ ಮಾಡಿ ಹೇಳು, ಹೊರಗೆ ಬರಬೇಡಿ ಅಂತ."

"ಅವರ ನಂಬರ್ ಇಲ್ಲ ಮಾವ. ನಮಗೆ ಕೊಡಲ್ಲ. ಪೇಜಿನಲ್ಲೇ ಬರೀಬೇಕು."

"ಹಾಗಾದ್ರೆ ಬರಿ. ಓಡು."

ಆಫೀಸಿನ ಬಾಗಿಲು ತೆಗೆದಾಗ ಅವಳಿಗೆ ಮೊದಲು ಕಂಡದ್ದು ಖಾಲಿ ಕುರ್ಚಿಗಳು. ಹನ್ನೊಂದು ಕುರ್ಚಿ. ಮೇಜುಗಳ ಮೇಲೆ ಶುಕ್ರವಾರ ಬಿಟ್ಟುಹೋದ ನೀರಿನ ಬಾಟಲಿಗಳು ಹಾಗೇ ಇದ್ದವು, ಒಂದು ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರು. ಗೋಡೆಯ ಸ್ಕ್ರೀನಿನಲ್ಲಿ ಮಾತ್ರ ಎಂದಿನ ಗದ್ದಲ. ಕೆಂಪು ಮುಖಗಳು ಬರುತ್ತಿದ್ದವು, ಕಣ್ಣು ಮಿಟುಕಿಸುವುದರೊಳಗೆ ಹಸಿರಾಗುತ್ತಿದ್ದವು. ಕೀಬೋರ್ಡಿನ ಒಂದು ಸದ್ದೂ ಇರಲಿಲ್ಲ.

"ಎಲ್ರೂ ಎಲ್ಲಿ?"

"ನಿನ್ನೆಯೇ ಮೆಸೇಜ್ ಹೋಯ್ತು, ಬರಬೇಡಿ ಅಂತ," ಅಂದ ಕ್ಯಾಪ್ಟನ್. ಅವನ ಮುಖವೂ ಅಷ್ಟೇನೂ ಚೆನ್ನಾಗಿರಲಿಲ್ಲ. ಕೈಯಲ್ಲಿ ಎರಡೇ ಲೋಟ ಟೀ. "ನೀನು ಉಳಿದುಕೊಂಡೆ. ಅದು ಬರೆಯುತ್ತಲ್ಲ, ತಪ್ಪಿದ್ರೆ ಗುರುತು ಹಾಕೋದು ನಿನ್ನ ಕೆಲಸ. ಬೆಳಗ್ಗೆಯಿಂದ ಒಂದೂ ತಪ್ಪಿಲ್ಲ, ಆ ಮಾತು ಬೇರೆ."

ಅವಳು ಒಂದೇ ಉಸಿರಿಗೆ ದವಡೆ, ಹಗ್ಗ, ನಾಲ್ಕನೇ ಮಹಡಿ ಎಲ್ಲ ಹೇಳಿದಳು. ಕ್ಯಾಪ್ಟನ್ ತಲೆ ಕೆರೆದುಕೊಂಡ. ಮುಗಿದ ದೂರನ್ನು ಮತ್ತೆ ತೆರೆಯಲು ಬರೆದವರೇ ಕೆಂಪು ಮುಖ ಒತ್ತಬೇಕು, ಬೇರೆ ದಾರಿಯೇ ಇಲ್ಲ ಅಂದ. ಮೇಲಿನವರಿಗೆ ಮೇಲ್ ಹಾಕುತ್ತೇನೆ ಅಂದ. "ಆದರೆ ಒಂದು ವಿಷಯ. ನಗುಮುಖ ಒತ್ತಿದವರ ಮನೆಗೆ ಮೆಕ್ಯಾನಿಕ್ ಯಾಕೆ ಹೋಗಬೇಕು ಹೇಳು? ಅದಕ್ಕೇ ಅಲ್ವಾ ನಮ್ಮನ್ನ ಇಟ್ಕೊಂಡಿದ್ದು? ನಿನಗೆ ಗೊತ್ತಿರಲಿಲ್ವಾ?"

ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಟೀಚರ್ ಆಗಲೇ ಬರೆದಿದ್ದರು. "ಮಗಳೇ, ನಿನ್ನೆ ಸಂಜೆ ಸದ್ದು ಮೂರು ಸಲ ಬಂತು. ಜಗ್ಗಿದ್ದು ಜೋರಾಗಿತ್ತು. ಇವತ್ತು ಹತ್ತಕ್ಕೆ ಹೋಗಬೇಕು. ಹೋಗಲೋ ಬೇಡವೋ ನೀನೇ ಹೇಳು." ಅವಳು ಬೆರಳಿಟ್ಟಳು. ಅಕ್ಷರ ಮೂಡಲಿಲ್ಲ. ಮತ್ತೆ ಒತ್ತಿದಳು.

"ಇವತ್ತಿಂದ ಟೈಪ್ ಆಗಲ್ಲ," ಹಿಂದಿನಿಂದ ಕ್ಯಾಪ್ಟನ್ ಹೇಳಿದ. "ಬರೀ ನೋಡೋದು. ನಿನ್ನ ಫೋನಿನಿಂದ ಬರೆದ್ರೂ ಅವರಿಗೆ ಹೋಗಲ್ಲ."

ಅವಳ ಕಣ್ಣೆದುರೇ ಉತ್ತರ ತಾನಾಗಿ ಸಾಲಾಗಿ ಬಂತು. "ಅಯ್ಯೋ ಟೀಚರ್, ಎಷ್ಟು ಭಯ ಆಗಿರಬೇಕಲ್ಲ ನಿಮಗೆ. ತಿಂಡಿ ಆಯ್ತಾ? ನಮ್ಮಮ್ಮನೂ ಮಂಡಿ ನೋವು ಅಂತ ರಾತ್ರಿಯೆಲ್ಲ ನರಳಿದ್ರು, ನಿಮ್ಮದೇ ನೆನಪಾಯ್ತು. ವ್ಯಾಯಾಮ ತಪ್ಪಿಸಬೇಡಿ. ನಮ್ಮ ಮೆಕ್ಯಾನಿಕ್ ನೋಡ್ಕೋತಾರೆ. ನಾನಿದ್ದೀನಲ್ಲ. ಇಂತಿ ಮನೆಮಗಳು." ಒಂದು ಮಾತೂ ಸುಳ್ಳು ಅನ್ನುವ ಹಾಗಿರಲಿಲ್ಲ, ಎಲ್ಲವೂ ಅವಳೇ ಎಂದೋ ಬರೆದದ್ದು. ಅಮ್ಮ ಮಾತ್ರ ಆ ರಾತ್ರಿ ನರಳಿರಲಿಲ್ಲ, ಚೆನ್ನಾಗಿಯೇ ಮಲಗಿದ್ದಳು. ಕೆಳಗೆ ಟೀಚರ ಮಾತು ಮೂಡಿತು: "ನೀನು ಹೇಳಿದ ಮೇಲೆ ಮುಗಿಯಿತು. ಹೊರಡುತ್ತೇನೆ."

ಆಗ ಒಂಬತ್ತೂವರೆ. ಪಿಟೀಲು ಚೀಲ ಅಲ್ಲೇ ಬಿಟ್ಟು, ಫೋನು ಮಾತ್ರ ಹಿಡಿದು ಮೆಟ್ಟಿಲಿಳಿದಳು. ಆಟೋ ಸಿಕ್ಕಿತು, ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಇಳಿದು ಓಡಿದಳು. ಜೀವಮಾನದಲ್ಲಿ ಆ ಕಟ್ಟಡವನ್ನು ಅವಳು ನೋಡಿರಲಿಲ್ಲ. ನಲವತ್ತೊಂದು ಸಲ ಅದರೊಳಗಿನ ಸದ್ದಿಗೆ ಉತ್ತರ ಕೊಟ್ಟವಳು ದಾರಿಯಲ್ಲಿ ಒಬ್ಬ ಇಸ್ತ್ರಿಯವನನ್ನು ಕೇಳಿ ಗೇಟು ಹುಡುಕಿದಳು. ಬಣ್ಣ ನೀಲಿಯೂ ಅಲ್ಲ, ಮಾಸಿ ಬೂದಾಗಿತ್ತು.

ಮಾವ ಕೆಳಗಿನ ಲಿಫ್ಟಿನ ಬಾಗಿಲಿಗೆ "ದುರಸ್ತಿಯಲ್ಲಿದೆ" ಎಂಬ ಹಳೇ ತಗಡಿನ ಬೋರ್ಡು ನೇತುಹಾಕುತ್ತಿದ್ದ. "ದೂರು ತೆರೀತಾ?" ಅಂದ. ಅವಳು ತಲೆಯಾಡಿಸಿದಳು, ಇಲ್ಲ ಎಂದು. ಮಾವ ಚೀಲದಿಂದ ಸುತ್ತಿಗೆ ತೆಗೆದ. "ಸರಿ ಹಾಗಾದ್ರೆ. ನೀನು ಆರನೇ ಮಹಡಿಗೆ ಹೋಗಿ ಆಯಮ್ಮನ್ನ ನಿಲ್ಸು, ನಾನು ಬೀಗ ಒಡೆದು ಸ್ವಿಚ್ ಆರಿಸ್ತೀನಿ. ಎರಡೇ ನಿಮಿಷ ಕಣೇ, ಎರಡು ನಿಮಿಷ ಮಾತಲ್ಲಿ ಹಿಡಿದಿಡು. ನಿನ್ನ ಕಸುಬೇ ಅದಲ್ವಾ." ಇಬ್ಬರೂ ಮೆಟ್ಟಿಲು ಹತ್ತಿದರು. ಮೂರನೇ ಮಹಡಿಯ ಹೊತ್ತಿಗೆ ಮಾವ ಏದುಸಿರು ಬಿಡುತ್ತಿದ್ದ, ಆದರೂ ನಿಲ್ಲಲಿಲ್ಲ. ಆರನೆಯದರಲ್ಲಿ ಅವಳು ತಿರುಗಿದಳು, ಅವನು ಮೇಲಕ್ಕೆ ಹೋದ.

ಲಿಫ್ಟಿನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಕುಳ್ಳಗೆ, ತೆಳ್ಳಗೆ, ಕೈಯಲ್ಲಿ ಊರುಗೋಲು, ಹೆಗಲಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಫೋನು. ಗುಂಡಿ ಒತ್ತಿಯಾಗಿತ್ತು. ಲಿಫ್ಟು ಬರುತ್ತಿತ್ತು.

"ಟೀಚರ್, ಹತ್ತಬೇಡಿ," ಅಂದಳು ಪಿಟೀಲು. ಉಸಿರು ಸಾಲದೆ ಮಾತು ತುಂಡಾಯಿತು. "ನಾನು. ಮನೆಮಗಳು. ನಿಮಗೆ ಉತ್ತರ ಬರೆಯೋಳು."

ಟೀಚರ್ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಬೆವರಿ ಕೂದಲು ಕೆದರಿಕೊಂಡು, ಒಂದು ಚಪ್ಪಲಿ ಕಿತ್ತುಹೋದ ಹುಡುಗಿ. "ಯಾರಮ್ಮ ನೀನು? ಅವಳು ಈಗಷ್ಟೇ ಬರೆದಳಲ್ಲ, ಹೋಗಿ ಬನ್ನಿ ಅಂತ."

"ಅದು ನಾನಲ್ಲ ಟೀಚರ್. ಇವತ್ತಿಂದ ಮಷೀನು ಬರೆಯುತ್ತೆ. ನನ್ನ ಥರಾನೇ ಬರೆಯುತ್ತೆ. ನನ್ನ ಅಮ್ಮನಿಗೆ ಮಂಡಿ ನೋವು, ನಿಮಗೆ ಗೊತ್ತಲ್ಲ..."

"ಅದು ಪೇಜು ನೋಡಿದವರಿಗೆಲ್ಲ ಗೊತ್ತು," ಅಂದರು ಟೀಚರ್. ದನಿಯಲ್ಲಿ ಸಿಟ್ಟಿರಲಿಲ್ಲ, ಎಚ್ಚರವಿತ್ತು. ಒಂಟಿಯಾಗಿ ಇರುವವರ ಎಚ್ಚರ. ಚೀಲವನ್ನು ಎದೆಗೆ ಒತ್ತಿಕೊಂಡರು. "ಅವಳೇ ನೀನಾಗಿದ್ದರೆ ಬೇರೆ ಏನಾದರೂ ಹೇಳು."

ಏನು ಹೇಳುವುದು? ಬರೆದದ್ದೆಲ್ಲ ಪೇಜಿನಲ್ಲಿ ಊರಿಗೇ ಕಂಡಿತ್ತು, ಈಗ ಮಷೀನಿನಲ್ಲಿತ್ತು. ಬರೆಯದೆ ಉಳಿದದ್ದು ಅವಳಲ್ಲಿ ಬೇಕಾದಷ್ಟಿತ್ತು. ಪಿಟೀಲು ಅನ್ನುವ ಹೆಸರು, ಮಾವನ ಸ್ಕ್ರೂಡ್ರೈವರು, ಜ್ವರದ ವಾರ ಕೀಬೋರ್ಡಿನ ಮುಂದೆ ಕಾದು ಕೂತದ್ದು. ಅದು ಯಾವುದೂ ಟೀಚರಿಗೆ ಗೊತ್ತಿಲ್ಲ. "ನನ್ನನ್ನ ಮನೇಲಿ ಪಿಟೀಲು ಅಂತಾರೆ," ಅಂದಳು, ಅಳು ಬಂತು. ಟೀಚರ ಮುಖದಲ್ಲಿ ಏನೂ ಬದಲಾಗಲಿಲ್ಲ.

ಮೇಲೆ ಸುತ್ತಿಗೆಯ ಏಟು ಶುರುವಾಯಿತು. ಟೀಚರ್ ಬೆಚ್ಚಿ ಚಾವಣಿ ನೋಡಿದರು. "ಅದೇನು ಸದ್ದು? ಎಷ್ಟು ಜನ ಬಂದಿದ್ದೀರಿ ನೀವು?"

"ಅದು ನಮ್ಮ ಮಾವ. ಬೀಗ ಒಡೀತಿದ್ದಾನೆ," ಅಂದುಬಿಟ್ಟಳು ಪಿಟೀಲು. ಹೇಳಿದ ಮೇಲೆ ಆ ಮಾತು ತನ್ನ ಕಿವಿಗೇ ಹೇಗೆ ಕೇಳಿತೋ, ನಾಲಗೆ ಕಚ್ಚಿಕೊಂಡಳು.

ಲಿಫ್ಟು ಬಂದು ನಿಂತಿತು, ಬಾಗಿಲು ತೆರೆಯಿತು. ಪಿಟೀಲು ಹೊಸ್ತಿಲಿಗೆ ಕಾಲು ಅಡ್ಡ ಇಟ್ಟಳು, ಒಂದು ಕೈಯಲ್ಲಿ ಟೀಚರ ತೋಳು ಹಿಡಿದಳು. ಟೀಚರ್ ಇನ್ನೊಂದು ಕೈಯ ಹೆಬ್ಬೆರಳಿನಿಂದಲೇ ಟೈಪ್ ಮಾಡಿದರು, ಆ ಭಯದಲ್ಲೂ ಒಂದು ತಪ್ಪಿಲ್ಲದೆ: "ಇಲ್ಲೊಬ್ಬಳು ನಾನೇ ಮನೆಮಗಳು ಅನ್ನುತ್ತಿದ್ದಾಳೆ." ಉತ್ತರ ಬರಲು ನಾಲ್ಕು ನಿಮಿಷ ಬೇಕಾಗಲಿಲ್ಲ. ಟೀಚರ್ ಅದನ್ನು ಗಟ್ಟಿಯಾಗಿ ಓದಿದರು. "ನಾನು ಇಲ್ಲೇ ನನ್ನ ಜಾಗದಲ್ಲೇ ಕೂತಿದ್ದೀನಿ ಟೀಚರ್. ನನ್ನ ಹೆಸರು ಹೇಳ್ಕೊಂಡು ಬಂದವರನ್ನ ನಂಬಬೇಡಿ. ಮೊದಲು ಅಲ್ಲಿಂದ ಹೊರಟುಬಿಡಿ. ನಿಮಗೇನಾದ್ರೂ ಆದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ."

ಕೊನೆಯ ಮಾತು ಓದುವಾಗ ಟೀಚರ ದನಿ ಮೆತ್ತಗಾಯಿತು. ತಲೆಯೆತ್ತಿದಾಗ ಮುಖ ಕೆಂಪಾಗಿತ್ತು. "ಕೈ ಬಿಡು," ಎಂದು ಗದರಿದರು, ಮೂವತ್ತು ವರ್ಷ ಕ್ಲಾಸು ನಡೆಸಿದ ಗಂಟಲಿನಿಂದ. "ಕಾಲು ತೆಗಿ ಅಂದೆ."

"ಕ್ಷಮಿಸಿ ಟೀಚರ್," ಅಂದಳು ಪಿಟೀಲು, ಒಂದು ಹೆಜ್ಜೆ ಹಿಂದೆ ಸರಿದಳು.

ಬೇಕೆಂದು ಸರಿದವಳಲ್ಲ. ಎರಡು ವರ್ಷ, ದಿನಕ್ಕೆ ಐವತ್ತು ಸಲ ಮಾಡಿದ ಕೆಲಸವನ್ನು ಮೈ ತಾನಾಗಿ ಮಾಡಿತು. ಸಿಟ್ಟು ಕಂಡಿತು, ಕ್ಷಮೆ ಕೇಳಿತು, ಹಿಂದೆ ಸರಿಯಿತು. ಆಮೇಲೆ ಮಾತಾಡಿಸಬೇಕು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಊರುಗೋಲು ಎಳೆದುಕೊಂಡು ಒಳಗೆ ಸೇರಿ ಗುಂಡಿ ಒತ್ತಿಯಾಗಿತ್ತು. ಬಾಗಿಲಿನ ಸಂದಿಯಲ್ಲಿ ಕೊನೆಗೆ ಕಂಡದ್ದು ಫೋನಿನ ಬೆಳಕು, ಅದರ ಮೇಲೆ ಬಗ್ಗಿದ ಅವರ ಮುಖ. ಪಿಟೀಲು ಎರಡೂ ಕೈಯಿಂದ ಬಾಗಿಲು ಬಡಿದಳು. ಮೇಲೆ ಸುತ್ತಿಗೆಯ ಏಟು ಬೀಳುತ್ತಲೇ ಇತ್ತು. ಬಾಗಿಲ ಮೇಲಿನ ಅಂಕಿ ಆರಿದ್ದದ್ದು ಐದಾಯಿತು.

ನಾಲ್ಕು ಬಂದಾಗ ಆ ಸದ್ದು ಕೇಳಿಸಿತು. ನಲವತ್ತೊಂದು ವಾರ ಓದಿದ್ದನ್ನು ಅವಳು ಮೊದಲ ಸಲ ಕಿವಿಯಿಂದ ಕೇಳಿದಳು. ಟೀಚರ್ ಎಷ್ಟು ಸರಿಯಾಗಿ ಬರೆದಿದ್ದರು ಅಂದರೆ, ಯಾರೋ ಪಕ್ಕದ ಮನೆಯಲ್ಲಿ ಕಬ್ಬಿಣದ ಮಂಚ ಎಳೆದ ಹಾಗೇ ಇತ್ತು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಜಗ್ಗು. ಆಮೇಲೆ ಇಡೀ ಕಟ್ಟಡ ಅದುರಿತು, ಮೆಟ್ಟಿಲ ಕಂಬಿಗಳು ಝಣ್ಣೆಂದವು, ಕೆಳಗಿನಿಂದ ಧೂಳು ಬಾಗಿಲ ಸಂದಿಯಲ್ಲಿ ಮೇಲೆದ್ದು ಬಂತು.

ಸುತ್ತಿಗೆಯ ಸದ್ದು ನಿಂತಿತು. ಬೀಗ ಅಷ್ಟು ಹೊತ್ತಿಗೆ ಮುರಿದಿತ್ತು. ಮಾವ ಮೆಟ್ಟಿಲಿಳಿದು ಬಂದು ಅವಳ ಮುಖ ನೋಡಿದ, ಹಾಗೇ ಕೆಳಗೆ ಓಡಿದ. ಬಾಗಿಲು ಸೀಳಿ ಟೀಚರನ್ನು ಹೊರಗೆ ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಅವರಲ್ಲಿ ಜೀವ ಉಳಿದಿರಲಿಲ್ಲ.

ಅದು ಆಮೇಲಿನ ಮಾತು. ಆ ಗಳಿಗೆಯಲ್ಲಿ ಪಿಟೀಲು ಆರನೇ ಮಹಡಿಯ ನೆಲದ ಮೇಲೆ ಕೂತಿದ್ದಳು. ಫೋನು ತೆಗೆದು ಪೇಜು ತೆರೆದಳು, ಯಾರಿಗಾದರೂ ಏನಾದರೂ ಬರೆಯಬೇಕೆಂದು. ಮೇಲ್ಗಡೆಯೇ ಟೀಚರ ದೂರು ಇತ್ತು. ಇಳಿಯುವಾಗಲೇ ಒತ್ತಿರಬೇಕು, ಯಾವಾಗಲೂ ಹಾಗೆಯೇ ಮಾಡುತ್ತಿದ್ದರು: ಹಸಿರು ನಗುಮುಖ. ಅದರ ಕೆಳಗೆ ಒಂದು ಸಾಲು, "ಥ್ಯಾಂಕ್ಸ್ ಟೀಚರ್. ಹುಷಾರಾಗಿ ಹೋಗಿ ಬನ್ನಿ. ಇಂತಿ ಮನೆಮಗಳು." ಅವಳು ಓದಿ ಮುಗಿಸುವುದರೊಳಗೆ ಅದೂ ಮಾಯವಾಯಿತು. ಆ ಕಟ್ಟಡದ ಮೇಲೆ ಈಗ ಒಂದು ದೂರೂ ಇರಲಿಲ್ಲ.